ಒಂದರಿಂದ ಮೂರನೇ ತರಗತಿ: ಓಡು, ನೆಗೆ, ಎಸೆ, ಹಿಡಿ ಕಲಿಸುವುದು ಹೇಗೆ?

ಮಕ್ಕಳನ್ನು ಬಯಲಿಗೆ ಬಿಟ್ಟು, ಒಂದು ಚೆಂಡು ಕೊಟ್ಟು, ಪಕ್ಕದಲ್ಲಿ ನಿಂತು ನೋಡುವುದು. ಬಹಳ ಶಾಲೆಗಳಲ್ಲಿ ಆಟದ ಪೀರಿಯಡ್ ಅಂದರೆ ಇಷ್ಟೇ. ಐದಾರು ಚುರುಕಿನ ಮಕ್ಕಳು ಚೆಂಡನ್ನು ತಮ್ಮದು ಮಾಡಿಕೊಳ್ಳುತ್ತಾರೆ. ಉಳಿದವರು ಗೋಡೆ ಹಿಡಿದು ನಿಲ್ಲುತ್ತಾರೆ, ಮಣ್ಣಲ್ಲಿ ಗೀಟು ಎಳೆಯುತ್ತಾ ಕೂರುತ್ತಾರೆ. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಇವರೆಲ್ಲ "ನಂಗೆ ಆಟ ಬರಲ್ಲ" ಅಂತ ತೀರ್ಮಾನಿಸಿಬಿಟ್ಟಿರುತ್ತಾರೆ. ಅವರಿಗೆ ಯಾರೂ ಕಲಿಸಿರುವುದಿಲ್ಲ, ಅಷ್ಟೇ.

ಓಡುವುದು, ನೆಗೆಯುವುದು, ಎಸೆಯುವುದು ವಯಸ್ಸಾದಂತೆ ತಾನಾಗಿ ಬರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅರ್ಧ ಮಾತ್ರ ನಿಜ. ವಯಸ್ಸು ಶಕ್ತಿ ಕೊಡುತ್ತದೆ. ಸರಿಯಾದ ರೀತಿ ಮಾತ್ರ ಕಲಿತೇ ಬರಬೇಕು. ಚೆಂಡನ್ನು ನೆಟ್ಟಗೆ ಎಸೆಯಲು ಬಾರದ ದೊಡ್ಡವರು ನಮ್ಮ ಸುತ್ತ ಎಷ್ಟು ಜನ ಇಲ್ಲ! ಆರರಿಂದ ಎಂಟು ವರ್ಷ ಇದನ್ನು ಕಲಿಸಲು ಹದವಾದ ಸಮಯ. ಮೈ ಹಗುರ, ಭಯ ಕಡಿಮೆ, ಒಂದನ್ನೇ ನೂರು ಸಲ ಮಾಡಲು ಬೇಸರವೂ ಇಲ್ಲ.

ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಇರುವುದು ಅಪರೂಪ. ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ನಡೆಸುವ ಟೀಚರೇ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಬಯಲಿಗೆ ಕರೆದುಕೊಂಡು ಹೋಗಬೇಕು. ಅಂಥವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೂವತ್ತು ಮಕ್ಕಳು, ಮೂವತ್ತೈದು ನಿಮಿಷ, ಒಂದು ಸಣ್ಣ ಅಂಗಳ. ಇಷ್ಟಿದ್ದರೆ ಸಾಕು.

ಮೊದಲು ಒಂದು ಲೆಕ್ಕ

ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಚೆಂಡಿನಲ್ಲಿ ಎಸೆತ ಕಲಿಸುತ್ತೀರಿ ಅಂದುಕೊಳ್ಳಿ. ಒಂದು ಎಸೆತ, ಚೆಂಡು ವಾಪಸ್ ತರುವುದು, ಎಲ್ಲ ಸೇರಿ 15 ಸೆಕೆಂಡು. 15 ನಿಮಿಷದಲ್ಲಿ 60 ಎಸೆತ. ಅಂದರೆ ಒಂದು ಮಗುವಿಗೆ ಎರಡೇ ಎರಡು. ಉಳಿದ ಸಮಯವೆಲ್ಲ ಮುಂದಿನವನ ಅಂಗಿ ಎಳೆಯುವುದರಲ್ಲಿ ಹೋಗುತ್ತದೆ. ಅದೇ ಇಬ್ಬರಿಗೆ ಒಂದರಂತೆ 15 ಬಟ್ಟೆ ಚೆಂಡು ಕೊಡಿ. ಹತ್ತು ಸೆಕೆಂಡಿಗೊಂದು ಎಸೆತ ಅಂದರೂ ಒಂದು ಜೋಡಿಗೆ 90, ಒಂದು ಮಗುವಿಗೆ 45. ಟೀಚರ್ ಅವರೇ, ಸಮಯ ಅದೇ. ಕಲಿಕೆ ಮಾತ್ರ ಇಪ್ಪತ್ತು ಪಟ್ಟು ಜಾಸ್ತಿ.

ಹಾಗಾಗಿ ಏನೇ ಕಲಿಸಲು ಹೊರಟರೂ ಎರಡು ನಿಯಮ ಇಟ್ಟುಕೊಳ್ಳಿ. ಸಾಲು ಬೇಡ. "ಔಟ್" ಬೇಡ. ಔಟಾಗಿ ಮೊದಲು ಹೊರಗೆ ಕೂರುವುದು ಯಾವಾಗಲೂ ಅಭ್ಯಾಸ ಹೆಚ್ಚು ಬೇಕಾದ ಮಗುವೇ ಅಲ್ವಾ? ಅದನ್ನೇ ಹೊರಗೆ ಕೂರಿಸಿದರೆ ಅದು ಕಲಿಯುವುದು ಯಾವಾಗ?

ಅಂಗಳ ಮತ್ತು ಸಾಮಾನು

ಮಕ್ಕಳು ಬರುವ ಮುಂಚೆ ಅಂಗಳದಲ್ಲಿ ಒಂದು ಸುತ್ತು ಹಾಕಿ. ಗಾಜಿನ ಚೂರು, ನೆಗ್ಗಿನ ಮುಳ್ಳು, ಚೂಪು ಕಲ್ಲು, ತಂತಿ ನೋಡಿಕೊಳ್ಳಿ. ನೆಲ ಚೊಕ್ಕಟವಾಗಿದ್ದರೆ ಬರಿಗಾಲೇ ಒಳ್ಳೆಯದು. ಸಡಿಲವಾದ ಹವಾಯಿ ಚಪ್ಪಲಿಯಲ್ಲಿ ಮಾತ್ರ ಓಡಿಸಬೇಡಿ, ಮುಗ್ಗರಿಸುತ್ತಾರೆ. ಗೆರೆ ಹಾಕಲು ಸುಣ್ಣದ ಪುಡಿ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ರಂಗೋಲಿ ಪುಡಿ ಅಥವಾ ತಣ್ಣಗಾದ ಬೂದಿ ಸಾಕು.

ಚೆಂಡನ್ನು ನೀವೇ ಮಾಡಬಹುದು. ನಾಲ್ಕೈದು ಹಾಳೆ ಹಳೇ ಪೇಪರ್ ಉಂಡೆ ಮಾಡಿ, ಮೇಲೆ ಹಳೇ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ, ನೂಲಿನಿಂದ ಕಟ್ಟಿ. ಮಗುವಿನ ಬೆರಳು ಸುತ್ತಿಕೊಳ್ಳುವಷ್ಟು ದಪ್ಪ ಇರಲಿ. ಹಿಡಿಯುವುದನ್ನು ಕಲಿಸಲು ಅಂಗೈ ಅಗಲದ ಚೀಲ ಹೊಲಿಸಿ, ಅದರಲ್ಲಿ ಮುಕ್ಕಾಲು ಭಾಗ ಹುಣಸೆ ಬೀಜ ತುಂಬಿ. ಈ ಚೀಲ ಪುಟಿಯುವುದಿಲ್ಲ, ಉರುಳುವುದಿಲ್ಲ, ಕೈಗೆ ಬಿದ್ದರೆ ಅಲ್ಲೇ ಕೂರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಜೊತೆಗೆ ಹಳೇ ಸೈಕಲ್ ಟೈರು, ಎರಡು ಉದ್ದನೆಯ ಹಗ್ಗ, ಖಾಲಿ ಬಾಟಲಿಗಳು.

ಹಣ ಇಲ್ಲ ಅನ್ನುವವರಿಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲೇ ಆಟದ ಮೈದಾನ ಮತ್ತು ಆಟದ ಸಾಮಗ್ರಿ ಸೇರಿವೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಯ ಕ್ರೀಡಾ ಅನುದಾನಕ್ಕೆ ಅವಕಾಶ ಇದೆ. ಆ ದುಡ್ಡಲ್ಲಿ ಒಂದು ಕ್ರಿಕೆಟ್ ಸೆಟ್ ತಂದು ಬೀರುವಿನಲ್ಲಿ ಇಡಬೇಡಿ. ಹದಿನೈದು ಮೆತ್ತನೆಯ ರಬ್ಬರ್ ಚೆಂಡು ತನ್ನಿ.

ಹೊತ್ತಿನ ಬಗ್ಗೆಯೂ ಯೋಚಿಸಿ. ಬಿಸಿಯೂಟ ಆದ ಕೂಡಲೇ ಓಡಾಟ ಬೇಡ, ಒಂದು ಗಂಟೆಯಾದರೂ ಬಿಡಿ. ಕಲಬುರಗಿ, ರಾಯಚೂರು ಕಡೆ ಫೆಬ್ರವರಿ ದಾಟಿದರೆ ಬೆಳಗಿನ ಮೊದಲ ಪೀರಿಯಡ್ಡೇ ಸರಿ. ಕರಾವಳಿ, ಮಲೆನಾಡಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅಂಗಳ ಸಿಗುವುದಿಲ್ಲ. ಅಲ್ಲಿನವರು ಸಮತೋಲನದ ಪಾಠದಿಂದ ಶುರು ಮಾಡಲಿ. ಅದಕ್ಕೆ ಜಗುಲಿ ಸಾಕು.

ಮೊದಲ ವಾರ: ನಿಲ್ಲುವುದನ್ನು ಕಲಿಸಿ

ಓಡುವುದಕ್ಕಿಂತ ಮೊದಲು ನಿಲ್ಲುವುದು. ಕೈ ಚಾಚಿದರೆ ಯಾರಿಗೂ ತಗುಲದ ಹಾಗೆ ಪ್ರತಿ ಮಗುವೂ ತನ್ನ ಜಾಗ ಹುಡುಕಿಕೊಳ್ಳಲಿ. ಆಮೇಲೆ ಎಲ್ಲರೂ ಅಂಗಳದ ತುಂಬ, ಯಾರಿಗೂ ಡಿಕ್ಕಿ ಹೊಡೆಯದೆ ನಡೆಯಲಿ. ನೀವು ಎರಡು ಸಲ ಚಪ್ಪಾಳೆ ತಟ್ಟಿ ಕೈ ಮೇಲೆತ್ತಿದ ಕೂಡಲೇ ಸ್ಟ್ಯಾಚ್ಯು. ಕಾಲು ಸ್ವಲ್ಪ ಅಗಲ, ಮಂಡಿ ಸ್ವಲ್ಪ ಬಗ್ಗಿರಬೇಕು. ನಡಿಗೆ ಚೆನ್ನಾಗಿ ಬಂದ ಮೇಲೆ ಬೇಗ ನಡಿಗೆ, ಆಮೇಲೆ ಓಟ.

ಇದಕ್ಕೆ ಒಂದು ವಾರ ಪೂರ್ತಿ ಕೊಡಿ. ಈ ವಾರ ಉಳಿಸಿದವರು ವರ್ಷವೆಲ್ಲ ಸೀಟಿ ಊದುತ್ತಾ ಕೂಗುತ್ತಾ ಇರಬೇಕಾಗುತ್ತದೆ. ಮಂಡಿ ಬಗ್ಗಿಸಿ ನಿಲ್ಲುವ ಅಭ್ಯಾಸ ಮುಂದೆ ನೆಗೆತಕ್ಕೂ ಹಿಡಿತಕ್ಕೂ ಕೆಲಸಕ್ಕೆ ಬರುತ್ತದೆ.

ಓಟಕ್ಕೆ ಜಾಸ್ತಿ ತಿದ್ದುಪಡಿ ಬೇಡ. ಮೊಣಕೈ ಮಡಚಿರಲಿ, ಕಣ್ಣು ಮುಂದೆ ಇರಲಿ, ಕೈ ಮೈಗೆ ಅಡ್ಡ ಹೋಗದೆ ಹಿಂದೆ ಮುಂದೆ ಆಡಲಿ. "ಸದ್ದಿಲ್ಲದೆ ಓಡಿ" ಅಂತ ಹೇಳಿ ನೋಡಿ. ಧಪ್ ಧಪ್ ಅಂತ ಹಿಮ್ಮಡಿ ಬಡಿಯುವ ಮಕ್ಕಳು ಎಷ್ಟೋ ಜನ ಆ ಒಂದೇ ಮಾತಿಗೆ ತಾವೇ ಸರಿಪಡಿಸಿಕೊಳ್ಳುತ್ತಾರೆ. ಬಾಟಲಿಗಳ ಮಧ್ಯೆ ಹಾವಿನಂತೆ ಓಡುವುದು, ಜೂಟಾಟ, ಇವೆಲ್ಲ ಓಟದ ಪಾಠಗಳೇ. ಜೂಟಾಟದಲ್ಲಿ ಮಾತ್ರ ಮೂರು ನಾಲ್ಕು ಜನ ಒಟ್ಟಿಗೆ ಹಿಡಿಯುವವರಾಗಲಿ. ಸಿಕ್ಕಿಬಿದ್ದವರು ಐದು ಸಲ ಕುಪ್ಪಳಿಸಿ ಮತ್ತೆ ಆಟಕ್ಕೆ ಸೇರಲಿ.

ನೆಗೆತ: ಇಳಿಯುವುದೇ ಮೊದಲು

ಎಷ್ಟು ದೂರ ನೆಗೆದ ಅನ್ನುವುದು ಆಮೇಲಿನ ಮಾತು. ಹೇಗೆ ಇಳಿದ ಅಂತ ಮೊದಲು ನೋಡಿ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು, ಮಂಡಿ ಬಗ್ಗಬೇಕು, ಕೈ ಮುಂದಿರಬೇಕು. ಮಂಡಿ ನೆಟ್ಟಗಿಟ್ಟು ಇಳಿಯುವ ಮಗುವಿಗೆ ಎತ್ತರದಿಂದ ಹಾರಲು ಬಿಡಬೇಡಿ. ನಿಂತಲ್ಲೇ ಸಣ್ಣ ನೆಗೆತ, ಆಮೇಲೆ ಗೆರೆ ದಾಟಿ, ಆಮೇಲೆ ಒಂದು ಮೆಟ್ಟಿಲ ಎತ್ತರದಿಂದ ಕೆಳಕ್ಕೆ. ಕ್ರಮ ಹೀಗಿರಲಿ.

ಕೆರೆ-ದಡ ಆಟ ಇದಕ್ಕಾಗಿಯೇ ಹುಟ್ಟಿದ್ದೇನೋ ಅನ್ನಿಸುತ್ತದೆ. ದೊಡ್ಡ ವೃತ್ತ ಬರೆದು, "ಕೆರೆ" ಅಂದರೆ ಒಳಕ್ಕೆ, "ದಡ" ಅಂದರೆ ಹೊರಕ್ಕೆ. ತಪ್ಪಿದವರನ್ನು ಹೊರಗೆ ಕಳಿಸಬೇಡಿ. ಪ್ರತಿಯೊಬ್ಬರೂ ಎಷ್ಟು ಸಲ ಸದ್ದಿಲ್ಲದೆ ಇಳಿದೆ ಅಂತ ತಾವೇ ಎಣಿಸಿಕೊಳ್ಳಲಿ.

ಉದ್ದ ನೆಗೆತಕ್ಕೆ ಬಂದಾಗ ಎರಡು ಹಗ್ಗ ನೆಲದ ಮೇಲೆ ಹಾಸಿ. ಒಂದು ತುದಿಯಲ್ಲಿ ಗೇಣು ಅಂತರ, ಇನ್ನೊಂದು ತುದಿಯಲ್ಲಿ ಮಾರು ಅಂತರ. ಇದು ಹೊಳೆ. ಎಲ್ಲಿ ದಾಟಬೇಕು ಅಂತ ಮಗುವೇ ಆರಿಸಿಕೊಳ್ಳುತ್ತದೆ. ಹಗ್ಗವನ್ನು ಹೀಗೆ ಓರೆಯಾಗಿ ಇಟ್ಟು ಎಲ್ಲ ಮಕ್ಕಳನ್ನೂ ಆಟದೊಳಗೆ ಉಳಿಸಿಕೊಳ್ಳುವ ಉಪಾಯವನ್ನು ಜನಪ್ರಿಯ ಮಾಡಿದವರು ಮಸ್ಕಾ ಮಾಸ್ಟನ್ ಎಂಬ ಶಿಕ್ಷಣತಜ್ಞ. ಬಹು ತರಗತಿಯ ನಮ್ಮ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದನೇ ತರಗತಿಯವಳೂ ಮೂರನೇ ತರಗತಿಯವನೂ ಒಂದೇ ಹೊಳೆ ದಾಟುತ್ತಾರೆ, ಯಾರೂ ಸೋಲುವುದಿಲ್ಲ. ನೆಗೆಯುವ ಮುಂಚೆ ಕೈ ಹಿಂದಕ್ಕೆ ಬೀಸಿ, ನೆಗೆಯುವಾಗ ಮೇಲಕ್ಕೆ ಬೀಸಬೇಕು. ಈ ಹೊತ್ತಿಗೆ ಅದೊಂದನ್ನೇ ಹೇಳಿ.

ಕುಂಟುವುದು, ಕುದುರೆ ಓಟ, ಹೆಜ್ಜೆ-ಕುಂಟು

ಕುಂಟೆಬಿಲ್ಲೆಗೆ ನೇರ ಹೋಗಬೇಡಿ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಗೋಡೆ ಬಿಟ್ಟು ಐದು ಎಣಿಸುವವರೆಗೆ ನಿಲ್ಲುವುದು, ನಿಂತಲ್ಲೇ ಕುಂಟುವುದು, ಮುಂದಕ್ಕೆ ಮೂರು ಕುಂಟು. ಇಷ್ಟಾದ ಮೇಲೆ ಮನೆ ಬರೆಯಿರಿ. ಎತ್ತಿದ ಕಾಲು ಹಿಂದಕ್ಕೆ ಮಡಚಿರಲಿ, ಪ್ರತಿ ಕುಂಟಿಗೂ ಅದು ತೂಗಿ ಮೈಯನ್ನು ಮುಂದೆ ತಳ್ಳಲಿ. ಗೆರೆ ತುಳಿದರೆ ತಪ್ಪು ಅನ್ನುವ ನಿಯಮವನ್ನು ಮೊದಲು ಸ್ವಲ್ಪ ದಿನ ಮರೆತುಬಿಡಿ. ಎರಡೂ ಕಾಲಲ್ಲಿ ಆಡಿಸಿ. ಮಕ್ಕಳು ಬರುವ ಕಾಲನ್ನೇ ಬಳಸಿ ಇನ್ನೊಂದನ್ನು ಬಿಟ್ಟುಬಿಡುತ್ತಾರೆ.

ಕುದುರೆ ಓಟದಲ್ಲಿ ಒಂದೇ ಕಾಲು ಯಾವಾಗಲೂ ಮುಂದೆ, ಇನ್ನೊಂದು ಅದನ್ನು ಹಿಂಬಾಲಿಸುತ್ತದೆ. ಅದನ್ನೇ ಪಕ್ಕಕ್ಕೆ ಮಾಡಿದರೆ ಮುಂದೆ ಕಬಡ್ಡಿಯಲ್ಲಿ ಬೇಕಾಗುವ ಹೆಜ್ಜೆ. ಹೆಜ್ಜೆ-ಕುಂಟು ಮಾತ್ರ ಕಷ್ಟದ್ದು: ಬಲ ಹೆಜ್ಜೆ, ಬಲಗಾಲಲ್ಲೇ ಕುಂಟು, ಎಡ ಹೆಜ್ಜೆ, ಎಡಗಾಲಲ್ಲೇ ಕುಂಟು. ಆರು ವರ್ಷದ ಬಹಳ ಮಕ್ಕಳಿಗೆ ಇದು ಒಂದೇ ಕಡೆ ಬರುತ್ತದೆ, ಇನ್ನೊಂದು ಕಡೆ ಬರಿ ಹೆಜ್ಜೆಯಾಗುತ್ತದೆ. ಗಾಬರಿ ಬೇಡ. ಬಾಯಲ್ಲಿ "ಹೆಜ್ಜೆ-ಕುಂಟು, ಹೆಜ್ಜೆ-ಕುಂಟು" ಅಂತ ಎಲ್ಲರೂ ಹೇಳಿಕೊಳ್ಳುತ್ತಾ ನಿಧಾನಕ್ಕೆ ಮಾಡಲಿ. ಲಯ ಬಾಯಿಗೆ ಬಂದರೆ ಕಾಲಿಗೂ ಬರುತ್ತದೆ.

ಎಸೆತ: ಮೊದಲು ಜೋರು, ಆಮೇಲೆ ಗುರಿ

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ. ತಾನಾಗಿ ಬರದೇ ಇರುವ ಕೌಶಲಗಳಲ್ಲಿ ಇದೇ ಮೊದಲನೆಯದು.

ಕಲಿಯದ ಮಗು ಎಸೆಯುವುದನ್ನು ಗಮನಿಸಿ. ಗೋಡೆಗೆ ಎದುರಾಗಿ ನಿಂತಿರುತ್ತದೆ. ಬಲಗೈಯಲ್ಲಿ ಎಸೆಯುತ್ತಾ ಬಲಗಾಲನ್ನೇ ಮುಂದಿಡುತ್ತದೆ, ಇಲ್ಲವೇ ಕಾಲು ಅಲ್ಲಾಡುವುದೇ ಇಲ್ಲ. ಮೊಣಕೈಯಿಂದ ಮಾತ್ರ ತಳ್ಳುತ್ತದೆ. ಸೊಂಟ ತಿರುಗುವುದಿಲ್ಲ. ಹಾಗಾಗಿ ಚೆಂಡು ನಾಲ್ಕು ಅಡಿ ಹೋಗಿ ಬೀಳುತ್ತದೆ.

ಚೆನ್ನಾದ ಎಸೆತದಲ್ಲಿ ನಾಲ್ಕು ವಿಷಯ ಇವೆ. ಗುರಿಯ ಕಡೆ ಪಕ್ಕ ತಿರುಗಿ ನಿಲ್ಲುವುದು. ಕೈಯನ್ನು ಹಿಂದಕ್ಕೆ, ಕಿವಿಗಿಂತ ಆಚೆ ಒಯ್ಯುವುದು. ಎಸೆಯುವ ಕೈಗೆ ವಿರುದ್ಧದ ಕಾಲನ್ನು ಮುಂದಿಟ್ಟು ಸೊಂಟ ತಿರುಗಿಸುವುದು. ಚೆಂಡು ಬಿಟ್ಟ ಮೇಲೂ ಕೈ ಮೈಗೆ ಅಡ್ಡವಾಗಿ ಇನ್ನೊಂದು ಸೊಂಟದವರೆಗೆ ಬರುವುದು. ನಾಲ್ಕನ್ನೂ ಒಂದೇ ದಿನ ಹೇಳಿದರೆ ಮಗುವಿನ ತಲೆ ಕೆಟ್ಟುಹೋಗುತ್ತದೆ. ವಾರಕ್ಕೆ ಒಂದು ಸಾಕು.

ಶುರು ಹೀಗೆ. ಗೋಡೆಯಿಂದ ಐದಾರು ಮೀಟರ್ ದೂರ ಗೆರೆ ಹಾಕಿ. ಎಲ್ಲ ಮಕ್ಕಳಿಗೂ ಪೇಪರ್ ಚೆಂಡು. "ಎಷ್ಟು ಜೋರಾಗುತ್ತೋ ಅಷ್ಟು ಜೋರಾಗಿ ಗೋಡೆಗೆ ಹೊಡೀರಿ, ಎಲ್ಲಿ ಬಿದ್ದರೂ ಪರವಾಗಿಲ್ಲ." ಎಲ್ಲರೂ ಎಸೆದ ಮೇಲೆ ನಿಮ್ಮ ಚಪ್ಪಾಳೆಗೆ ಎಲ್ಲರೂ ಒಟ್ಟಿಗೆ ಓಡಿ ಚೆಂಡು ತರಬೇಕು. ಮಧ್ಯೆ ಯಾರೂ ಗೆರೆ ದಾಟಬಾರದು. ಇದು ಸುರಕ್ಷತೆಯ ಮಾತು, ಇಲ್ಲಿ ರಿಯಾಯಿತಿ ಇಲ್ಲ.

ಗುರಿಯನ್ನು ಮೊದಲು ಯಾಕೆ ಇಡಬಾರದು ಅಂದರೆ, ಹತ್ತಿರದ ಸಣ್ಣ ಗುರಿಗೆ ಹೊಡೆಯಲು ಹೇಳಿದ ಕೂಡಲೇ ಮಗು ಮೈ ಬಿಗಿ ಮಾಡಿಕೊಂಡು ಮೊಣಕೈಯಿಂದ ಮೆಲ್ಲಗೆ ತಳ್ಳತೊಡಗುತ್ತದೆ. ಯಾವ ಅಭ್ಯಾಸ ಬಿಡಿಸಬೇಕಿತ್ತೋ ಅದೇ ಗಟ್ಟಿಯಾಗುತ್ತದೆ. ಜೋರಾಗಿ ಎಸೆಯಬೇಕೆಂದರೆ ಮಾತ್ರ ಸೊಂಟ ತಾನಾಗಿ ತಿರುಗುತ್ತದೆ, ಕಾಲು ಮುಂದೆ ಬರುತ್ತದೆ. ಅದಕ್ಕೇ ಒಂದನೇ ತರಗತಿಗೆ ಲಗೋರಿ ಬೇಡ. ಮೂರನೇ ತರಗತಿಗೆ ಇರಲಿ, ಅದೂ ಏಳು ಕಲ್ಲಿನ ಬದಲು ದೊಡ್ಡ ಡಬ್ಬಗಳನ್ನು ಪೇರಿಸಿ, ದೂರದಿಂದ.

ಕಾಲಿನ ತೊಂದರೆಗೆ ಸುಲಭದ ಮದ್ದು ಇದೆ. ಬಲಗೈ ಮಕ್ಕಳ ಎಡ ಪಾದದ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕಿ ಇಡಿ. ನೆಲದ ಮೇಲೆ ಅದು ಬರಬೇಕಾದ ಜಾಗದಲ್ಲಿ ಇನ್ನೊಂದು ಚುಕ್ಕಿ. "ಚುಕ್ಕಿ ಮೇಲೆ ಚುಕ್ಕಿ ಇಟ್ಟು ಎಸಿ." ಎಸೆದ ಮೇಲೆ "ಸರಿ", "ತಪ್ಪು" ಅನ್ನುವ ಬದಲು "ಯಾವ ಕಾಲು ಮುಂದೆ ಬಂತು?" ಅಂತ ಕೇಳಿ. ಮಗು ತನ್ನ ಕಾಲನ್ನೇ ನೋಡಿಕೊಂಡು ಉತ್ತರಿಸುತ್ತದೆ. ಆ ನೋಟದಲ್ಲೇ ಅರ್ಧ ತಿದ್ದುಪಡಿ ಆಗಿಹೋಗುತ್ತದೆ.

ಎಡಗೈ ಮಕ್ಕಳಿಗೆ ಎಲ್ಲವೂ ಉಲ್ಟಾ. ಅವರನ್ನು ಬಲಗೈಗೆ ತಿರುಗಿಸುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಯಾವ ಕೈಗೆ ಚೆಂಡು ತಾನಾಗಿ ಹೋಗುತ್ತದೋ ಅದೇ ಕೈ.

ಇನ್ನು ಹುಡುಗಿಯರ ವಿಷಯ. ಕುಂಟೆಬಿಲ್ಲೆಯಲ್ಲಿ ಹುಡುಗರನ್ನು ಮೀರಿಸುವ ಹುಡುಗಿಯರು ಎಸೆತದಲ್ಲಿ ಹಿಂದೆ ಬೀಳುವುದನ್ನು ನೋಡುತ್ತೇವೆ. ಮನೆ ಮುಂದೆ, ಬೀದಿಯಲ್ಲಿ ಚೆಂಡು ಯಾರ ಕೈಯಲ್ಲಿ ಇರುತ್ತದೆ ಅಂತ ಯೋಚಿಸಿ. ಹುಡುಗ ದಿನವೂ ಕಲ್ಲಿನಿಂದ ಮಾವಿನಕಾಯಿಗೆ ಹೊಡೆಯುತ್ತಾನೆ, ಹುಡುಗಿಗೆ "ಸುಮ್ನೆ ಕೂತ್ಕೋ" ಅನ್ನುತ್ತಾರೆ. ಶಾಲೆಯಲ್ಲಾದರೂ ಅವಳ ಕೈಗೆ ಅವಳದ್ದೇ ಚೆಂಡು ಸಿಗಬೇಕು. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ.

ಹಿಡಿತ: ಭಯ ಬಿಡಿಸುವ ಪಾಠ

ಚೆಂಡು ಬರುತ್ತಿದ್ದ ಹಾಗೇ ಕಣ್ಣು ಮುಚ್ಚಿ ಮುಖ ತಿರುಗಿಸುವ ಮಗುವಿಗೆ ಯಾವಾಗಲೋ ಗಟ್ಟಿ ಚೆಂಡು ಮುಖಕ್ಕೆ ಬಡಿದಿರಬಹುದು. ಆ ಭಯ ಹೋಗದೆ ಕೈ ಮುಂದೆ ಬರುವುದಿಲ್ಲ. ಹಾಗಾಗಿ ನಿಧಾನಕ್ಕೆ ಬೀಳುವ ವಸ್ತುವಿನಿಂದ ಶುರು ಮಾಡಿ. ಹಳೇ ವೇಲಿನ ತುಂಡನ್ನು ಮೇಲಕ್ಕೆ ಹಾರಿಸಿ ಹಿಡಿಯುವುದು. ಆಮೇಲೆ ಹುಣಸೆ ಬೀಜದ ಚೀಲವನ್ನು ಎದೆ ಎತ್ತರಕ್ಕೆ ತಾನೇ ಎಸೆದು ತಾನೇ ಹಿಡಿಯುವುದು, ನಂತರ ತಲೆ ಎತ್ತರಕ್ಕೆ, ನಂತರ ನಡುವೆ ಒಂದು ಚಪ್ಪಾಳೆ ತಟ್ಟಿ. ಅದಾದ ಮೇಲೆ ದೊಡ್ಡ ಮೆತ್ತನೆ ಚೆಂಡು, ಒಂದು ಪುಟಿತ ಆದ ಮೇಲೆ. ಕೊನೆಗೆ ಎರಡು ಮೀಟರ್ ದೂರದ ಜೊತೆಗಾರನಿಂದ, ಕೆಳಗೈ ಎಸೆತ.

ಐದಾರು ವರ್ಷದವರು ಚೆಂಡನ್ನು ಎದೆಗೆ ಅಪ್ಪಿಕೊಂಡು ಹಿಡಿಯುವುದು ಸಹಜ. ಏಳೆಂಟಕ್ಕೆ ಬರುವಾಗ ಬರಿ ಅಂಗೈಯಲ್ಲಿ ಹಿಡಿಯುವ ಹಾಗಾಗಬೇಕು. ಹೇಳಬೇಕಾದ ಮಾತು ಮೂರು: ಕಣ್ಣು ಚೆಂಡಿನ ಮೇಲೆ, ಕೈ ಮುಂದೆ, ಮುಟ್ಟಿದ ಕೂಡಲೇ ಮೈ ಕಡೆಗೆ ಎಳೆ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳು ಜೊತೆ, ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳು ಜೊತೆ. ಇದನ್ನು ಎರಡನೇ ತರಗತಿಯಿಂದ ಹೇಳಿಕೊಡಿ.

ಹಿಡಿಯುವುದು ತಪ್ಪಿದಾಗ ಹಿಡಿಯುವವರನ್ನೇ ಬೈಯುತ್ತೇವೆ. ಬಹಳ ಸಲ ತಪ್ಪು ಎಸೆದವರದ್ದು. ಎರಡು ಮಕ್ಕಳನ್ನು ಜೋಡಿ ಮಾಡುವ ಮುಂಚೆ "ಗೆಳೆಯ ಹಿಡಿಯೋ ಹಾಗೆ ಎಸೆಯೋದು" ಅಂತಲೇ ಒಂದು ಪಾಠ ಮಾಡಿ. ಅಂಕ ಕೊಡುವುದಾದರೆ ಜೋಡಿಗೆ ಕೊಡಿ.

ಒದೆಯುವುದು ಮತ್ತು ಪುಟಿಸುವುದು ಇಷ್ಟು ಕಷ್ಟವಲ್ಲ. ಒದೆತದಲ್ಲಿ ಆಧಾರದ ಕಾಲು ಚೆಂಡಿನ ಪಕ್ಕಕ್ಕೆ ಬರಬೇಕು, ತುದಿಬೆರಳ ಬದಲು ಪಾದದ ಮೇಲ್ಭಾಗ ತಗುಲಬೇಕು. ಪುಟಿಸುವಾಗ ಅಂಗೈಯಿಂದ ಬಡಿಯದೆ ಬೆರಳುಗಳಿಂದ ತಳ್ಳಬೇಕು, ಸೊಂಟದ ಎತ್ತರಕ್ಕೆ.

ಮಳೆಗಾಲದ ಜಗುಲಿ

ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು, ತಲೆ ಮೇಲೆ ಚೀಲ ಇಟ್ಟು ನಡೆಯುವುದು, ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವುದು, ಕಪ್ಪೆ ಕುಪ್ಪಳ, ಕರಡಿ ನಡಿಗೆ (ಅಂಗೈ, ಪಾದ ಎರಡನ್ನೂ ಊರಿ, ಸೊಂಟ ಮೇಲೆತ್ತಿ), ಏಡಿ ನಡಿಗೆ (ಹೊಟ್ಟೆ ಮೇಲೆ ಮಾಡಿ, ಕೈ ಕಾಲು ಊರಿ). ಕರಡಿ ನಡಿಗೆಯಲ್ಲಿ ಮೈ ಭಾರ ಭುಜದ ಮೇಲೆ ಬೀಳುತ್ತದೆ. ಕೂತು ಬರೆಯುವುದೇ ಜಾಸ್ತಿಯಾದ ಮಕ್ಕಳಿಗೆ ಇದು ತುಂಬ ಬೇಕು. ಮೂರನೇ ತರಗತಿಯವರಿಗೆ ಐದು ಕಲ್ಲಾಟ ಕೊಡಿ, ಬೆರಳು ಕಣ್ಣು ಎರಡೂ ಚುರುಕಾಗುತ್ತವೆ. ಒದ್ದೆ ಜಗುಲಿಯಲ್ಲಿ ಮಾತ್ರ ಏನೂ ಬೇಡ.

ಒಂದು ಪೀರಿಯಡ್ ಹೀಗೆ ಕಳೆಯಲಿ

ಮೊದಲ ಐದು ನಿಮಿಷ ಓಡಾಟ ಮತ್ತು ಸ್ಟ್ಯಾಚ್ಯು. ಮುಂದಿನ ಹದಿನೈದು ನಿಮಿಷ ಆ ವಾರದ ಒಂದೇ ಕೌಶಲ, ಒಂದೇ ಮಾತು. ಅದರ ಮೇಲೆ ಹನ್ನೆರಡು ನಿಮಿಷ ಅದೇ ಕೌಶಲ ಬರುವ ಆಟ. ಕೊನೆಗೆ ಉಸಿರು ಇಳಿಸಿಕೊಂಡು ನೀರು. ನೀವು ವಿವರಿಸುವುದು ಒಂದು ನಿಮಿಷ ದಾಟಬಾರದು. ಮಾಡಿ ತೋರಿಸಿ. ನಿಮಗೆ ಆಗದಿದ್ದರೆ ಬರುವ ಮಗುವಿನಿಂದ ತೋರಿಸಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಪೀರಿಯಡ್‌ನಲ್ಲಿ ಉಸಿರು ಏರುವ ಹೊತ್ತು ಅದರ ಅರ್ಧವೂ ಆಗದಿರಬಹುದು. ಅದರಲ್ಲೂ ಗಣಿತ ಮುಗಿದಿಲ್ಲ ಅಂತ ಆಟದ ಪೀರಿಯಡ್ ಕಿತ್ತುಕೊಂಡರೆ ಮಕ್ಕಳಿಗೆ ಏನು ಉಳಿಯಿತು? ಇನ್ನೊಂದು, ಶಿಕ್ಷೆಯಾಗಿ ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು. ದೈಹಿಕ ಶಿಕ್ಷೆ ಕಾನೂನಿಗೆ ವಿರುದ್ಧ, ಅದು ಸರಿಯೇ. ಅದರ ಜೊತೆಗೆ ಓಟವನ್ನೇ ಮಗು ಜೀವನವಿಡೀ ಅವಮಾನದ ಜೊತೆ ನೆನಪಿಟ್ಟುಕೊಳ್ಳುತ್ತದೆ.

ಹಿಂದುಳಿದ ಮಗುವನ್ನು ಗಮನಿಸುವುದು

ಕಣ್ಣು ಮಂಜಾದ ಮಗುವಿಗೆ ಬಟ್ಟೆ ಚೆಂಡಿನೊಳಗೆ ಗೆಜ್ಜೆ ಹಾಕಿ ಹೊಲಿಯಿರಿ. ಕಿವಿ ಕೇಳದ ಮಗುವಿಗಾಗಿ ಚಪ್ಪಾಳೆಯ ಜೊತೆ ಕೈ ಎತ್ತುವುದನ್ನು ಮರೆಯಬೇಡಿ. ಗಾಲಿಕುರ್ಚಿಯ ಮಗು ಎಸೆತ, ಹಿಡಿತ ಎಲ್ಲವನ್ನೂ ಕಲಿಯಬಹುದು. ಅಂಕ ಬರೆಯುವ ಕೆಲಸ ಕೊಟ್ಟು ಕೂರಿಸಬೇಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬಾರದು. ಮೊದಲು ಮಾಡುತ್ತಿದ್ದುದು ಈಗ ಆಗದಿರುವುದು, ಪದೇ ಪದೇ ಬೀಳುವುದು, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿಕೊಂಡು ಹತ್ತಿದಂತೆ ಏಳುವುದು. ಕೊನೆಯದ್ದು ಸ್ನಾಯು ದುರ್ಬಲತೆಯ ಸೂಚನೆ ಇರಬಹುದು. ಮನೆಯವರಿಗೆ ತಿಳಿಸಿ ಕೂಡಲೇ ವೈದ್ಯರಿಗೆ ತೋರಿಸಲು ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗಲೂ ಆ ಮಗುವನ್ನು ಮೊದಲು ತೋರಿಸಿ. ಚೆಂಡು ಹಿಡಿಯಲು ಬಾರದ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸುವುದೂ ಒಳ್ಳೆಯದು.

ಪುಸ್ತಕದಲ್ಲಿ ಏನು ಬರೆದಿಡಬೇಕು?

ಎಷ್ಟು ಸೆಕೆಂಡಲ್ಲಿ ಓಡಿದ, ಎಷ್ಟು ಅಡಿ ನೆಗೆದ ಅನ್ನುವುದನ್ನು ಬಿಡಿ. ಆರು ವರ್ಷದವರಲ್ಲಿ ಎತ್ತರದ ಮಗುವೇ ಗೆಲ್ಲುತ್ತದೆ, ಅದರಿಂದ ನಿಮಗೆ ತಿಳಿಯುವುದು ಏನೂ ಇಲ್ಲ. ಅಮೆರಿಕದ ಡೇಲ್ ಉಲ್ರಿಚ್ 1985ರಲ್ಲಿ ಮಕ್ಕಳ ಚಲನೆಯ ಒಂದು ಪರೀಕ್ಷೆ ರೂಪಿಸಿದರು. ಅದರ ಜೀವಾಳ ಬಹಳ ಸರಳ: ಪ್ರತಿ ಕೌಶಲಕ್ಕೂ ಮೂರು ನಾಲ್ಕು ಅಂಶ, ಕಂಡರೆ 1, ಕಾಣದಿದ್ದರೆ 0. ನೀವೂ ಹಾಗೇ ಮಾಡಿ. ಎಸೆತ ಅಂತ ಬರೆದು ಪಕ್ಕಕ್ಕೆ ನಿಂತಳಾ, ಕೈ ಹಿಂದೆ ಹೋಯಿತಾ, ವಿರುದ್ಧ ಕಾಲು ಬಂತಾ, ಕೈ ಅಡ್ಡ ಬಂತಾ ಅಂತ ನಾಲ್ಕು ಅಂಕಣ. ದಿನಕ್ಕೆ ಮೂರು ಮಕ್ಕಳನ್ನು ಮಾತ್ರ ನೋಡಿ. ಹತ್ತು ಪೀರಿಯಡ್‌ನಲ್ಲಿ ಮೂವತ್ತೂ ಮುಗಿಯುತ್ತದೆ. ಮುಂದಿನ ವಾರ ಏನು ಕಲಿಸಬೇಕು ಅನ್ನುವುದನ್ನು ಆ ಸೊನ್ನೆಗಳೇ ಹೇಳುತ್ತವೆ.

ವರ್ಷದ ಯೋಜನೆಯನ್ನೂ ಇದರ ಮೇಲೇ ಕಟ್ಟಿ. ಜೂನ್, ಜುಲೈನಲ್ಲಿ ನಿಲುಗಡೆ, ಸಮತೋಲನ, ಇಳಿಯುವುದು. ದಸರಾ ರಜೆಯವರೆಗೆ ಕುಂಟು ಮತ್ತು ಹಿಡಿತ. ರಜೆ ಮುಗಿದ ಮೇಲೆ ನೆಲ ಒಣಗಿ ಬಿಸಿಲು ಹದವಾಗಿರುವಾಗ ಎಸೆತ, ಒದೆತ. ಜನವರಿಯಲ್ಲಿ ಮೂರನೇ ತರಗತಿಯವರಿಗೆ ಪೂರ್ತಿ ನಿಯಮದ ಲಗೋರಿ ಮತ್ತು ಖೋ ಖೋದ ಬೆನ್ನಟ್ಟುವ ಭಾಗ. ಆ ತಿಂಗಳು ಒಂದನೇ ತರಗತಿಯವರು ಪಕ್ಕದ ಗೋಡೆಗೆ ಜೋರಾಗಿ ಎಸೆಯುತ್ತಿರಲಿ.